ಹನ್ನೊಂದನೆಯ ಸಾಲಿನಿಂದ

“ಓದುಬರಹವಿಲ್ಲದ ಆ ಮುದುಕಿ ಮೂಢಭಕ್ತಿಯಿಂದ ತನ್ನದೂ ಮೊಮ್ಮಗಳದೂ ಪಾಸ್‌ಪೋರ್ಟನ್ನು ತಾನೇ ಕೆರೆಗೆ ಬಿಟ್ಟಳು, ಅದಕ್ಕೇ ಅವರಿಗೆ ಪೌರತ್ವ ಸಿಗಲಿಲ್ಲ.”

ನಾಗಪುರದಲ್ಲಿ ಅರ್ಜಿ ಬರೆದು ಬದುಕುವವರ ಸಾಲಿನಲ್ಲಿ ಈ ಮಾತು ಗಾದೆಯಷ್ಟು ಸವೆದುಹೋಗಿದೆ. ಗಡಿಯಾಚೆಯಿಂದ ಬಂದವರು ಯಾರಾದರೂ ಕಾಗದಪತ್ರಗಳ ವಿಷಯದಲ್ಲಿ ಉದಾಸೀನ ತೋರಿದರೆ ಇದನ್ನೇ ಹೇಳಿ ಹೆದರಿಸುತ್ತಾರೆ. ಹೇಳಿದವರು ಕೊನೆಗೆ ಇನ್ನೊಂದು ಮಾತನ್ನು ತಪ್ಪದೆ ಸೇರಿಸುತ್ತಾರೆ: “ಇಲ್ಲಿರುವವರು ಅವರದೇ ಜನ, ಅವರದೇ ಭಾಷೆ. ಕೈಹಿಡಿದು ಒಳಗೆ ಕರೆದುಕೊಂಡರು. ಆಕೆಯೇ ಕೆಡಿಸಿಕೊಂಡಳು.”

ನಾನು ಈ ಎರಡು ಮಾತುಗಳನ್ನೂ ಒಪ್ಪುವುದಿಲ್ಲ. ಹೇಳಿಕೆ ಎಷ್ಟು ನುಣುಪಾಗಿದೆಯೋ ಅಷ್ಟು ಕೈಗಳು ಅದನ್ನು ಉಜ್ಜಿವೆ ಎಂದು ನಂಬಿ ಬದುಕಿದವನು ನಾನು. ಆದರೆ ಈ ಹೇಳಿಕೆಯನ್ನು ಒಪ್ಪದಿರಲು ನನಗೆ ಬೇರೆಯವರಿಗಿಲ್ಲದ ಒಂದು ಕಾರಣವೂ ಇದೆ. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ರೈಲ್ವೆ ಪಾರ್ಸೆಲ್ ಕಚೇರಿಯಿಂದ ನಿವೃತ್ತನಾದ ಮೇಲೆ ಸರ್ಕಾರಿ ಕಚೇರಿಯೊಂದರ ಎದುರು, ಬೇವಿನ ಮರದಡಿ ಒಂದು ಮೇಜು ಇಟ್ಟುಕೊಂಡಿದ್ದೆ. ಗಡಿಯಾಚೆಯ ಸಿಂಧ್ ಪ್ರಾಂತದಿಂದ ಬಂದ ಸಿಂಧಿ ಕುಟುಂಬಗಳು ನನ್ನಲ್ಲಿಗೇ ಬರುತ್ತಿದ್ದುದಕ್ಕೆ ಕಾರಣವಿತ್ತು. ಅವರ ಹಳೆಯ ಕಾಗದಗಳು ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ ಮೂಲದ ಲಿಪಿಯಲ್ಲಿರುತ್ತವೆ. ಎರಡು ಮೂರು ತಲೆಮಾರುಗಳಿಂದ ನಾಗಪುರದಲ್ಲೇ ಬೆಳೆದ ಸಿಂಧಿಗಳಿಗೆ ಮಾತು ಬರುತ್ತದೆ, ಈ ಲಿಪಿ ಬರುವುದಿಲ್ಲ. ನನಗೆ ಬರುತ್ತದೆ. ವಿಭಜನೆಯ ಕಾಲದಲ್ಲಿ ಬಂದಿದ್ದ ನನ್ನ ಸಿಂಧಿ ಮೇಲಧಿಕಾರಿಯೊಬ್ಬರು “ಇದು ಮದ್ರಾಸಿಗಳಿಗೆ ಆಗುವ ಕೆಲಸವಲ್ಲ” ಎಂದಿದ್ದರು. ಗದಗಿನವನನ್ನು ಮದ್ರಾಸಿ ಎಂದದ್ದಕ್ಕೂ ಆಗುವುದಿಲ್ಲ ಎಂದದ್ದಕ್ಕೂ ಸೇರಿಸಿ, ಎರಡು ವರ್ಷ ಅವರ ಊಟದ ಬಿಡುವನ್ನೆಲ್ಲ ನುಂಗಿ ಕಲಿತೆ.

ಆ ಮುದುಕಿ ಮೊದಲ ದಿನವೇ ನನ್ನನ್ನು ಪರೀಕ್ಷೆಗೆ ಕೂರಿಸಿದರು. ಬಿಳಿ ದುಪಟ್ಟಾ, ಬೆನ್ನು ನೆಟ್ಟಗೆ, ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಮೊಮ್ಮಗಳು. ಗಂಡನ ಶಾಲಾ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, “ಓದು” ಎಂದರು.

ಓದಿದೆ.

“ಯಾರು ಕಲಿಸಿದರು?”

ಹೇಳಿದೆ.

“ಅರ್ಧ ಕಲಿಸಿದ್ದಾರೆ. ಗಂಟಲಿನಿಂದ ಬರಬೇಕಾದದ್ದು ನಿನಗೆ ಹಲ್ಲಿನಿಂದ ಬರುತ್ತದೆ.”

ಅಜ್ಜಿಯನ್ನು ಅಮ್ಮಾ ಎನ್ನುತ್ತಿದ್ದ ಮೊಮ್ಮಗಳು ನಗು ತಡೆದುಕೊಂಡು ಹೇಳಿದಳು: “ದಾದಾ, ಬೇಜಾರಾಗಬೇಡಿ. ಅಮ್ಮಾ ಅಲ್ಲಿ ಮೂವತ್ತು ವರ್ಷ ಮಾಸ್ತರಣಿ. ಬಸ್ಸಿನ ಬೋರ್ಡಿನಲ್ಲೂ ತಪ್ಪು ಹುಡುಕುತ್ತಾರೆ.”

ಹೀಗೆ ನಮ್ಮ ಕೆಲಸ ಆರಂಭವಾಯಿತು. ಅಜ್ಜಿ, ಮೊಮ್ಮಗಳು ಇಬ್ಬರೇ. ಹುಡುಗಿಯ ತಂದೆತಾಯಿ ಅಲ್ಲಿಯೇ ತೀರಿಕೊಂಡಿದ್ದರು. ಎಂಟು ವರ್ಷದ ಕೂಸನ್ನು ಕಟ್ಟಿಕೊಂಡು ಯಾತ್ರೆಯ ವೀಸಾದಲ್ಲಿ ಬಂದವರು ದೀರ್ಘಾವಧಿ ವೀಸಾ ಪಡೆದು, ಅದನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳುತ್ತ ಇಲ್ಲಿಯೇ ಉಳಿದಿದ್ದರು. ಹುಡುಗಿ ಹಿಂದಿ ಶಾಲೆಯಲ್ಲಿ ಓದಿ, ಮಹಾಲ್ ಪೇಟೆಯ ಸೀರೆ ಅಂಗಡಿಯೊಂದಕ್ಕೆ ಫಾಲ್ ಹೊಲಿದುಕೊಡುತ್ತಿದ್ದಳು. ಈಗ ಅರ್ಜಿ ಹಾಕಬೇಕಾದದ್ದು ಪೌರತ್ವಕ್ಕೆ. ಅದು ಸಿಕ್ಕರೆ ಇಲ್ಲಿ ಉಳಿಯುತ್ತಾರೆ. ಇಲ್ಲವಾದರೆ ಪ್ರತಿ ನವೀಕರಣದಲ್ಲೂ ಯಾರಾದರೂ ಅವರನ್ನು ಹೊರಡಿ ಎನ್ನಬಹುದು. ಅವರಿಗಿದ್ದ ಚಿಂತೆ ಅದೊಂದೇ.

ಅವರದೇ ಜನ, ಅವರದೇ ಭಾಷೆ ಎಂಬ ಮಾತಿಗೆ ಬರುತ್ತೇನೆ. ನಗರದ ಉತ್ತರ ಭಾಗದ ಸಿಂಧಿ ಬಡಾವಣೆಯಲ್ಲಿ ಮುಖಿ ಎನ್ನಿಸಿಕೊಂಡ ಒಬ್ಬ ಹಿರಿಯರಿದ್ದರು; ಮುಖಿ ಎಂದರೆ ಪಂಚಾಯತಿಯ ಯಜಮಾನ. ಅವರ ಕಟ್ಟಡದ ಮೇಲಿನ ಕೋಣೆಯಲ್ಲೇ ಇವರ ವಾಸ. ಅರ್ಜಿಯ ಜೊತೆಗಿಡಬೇಕಾದ ಜಾಮೀನು ಪತ್ರವೂ ಅವರದೇ. ಮುಖಿ ಕೆಟ್ಟವರಲ್ಲ. ಹಬ್ಬದೂಟಕ್ಕೆ ಇವರನ್ನು ಮರೆಯುತ್ತಿರಲಿಲ್ಲ. ಆದರೆ ಊಟದ ಪಟ್ಟಿಯಲ್ಲಿ ಮನೆತನಗಳ ಹೆಸರೆಲ್ಲ ಮುಗಿದ ಮೇಲೆ ಗೆರೆ ಎಳೆದು, ಕೆಳಗೆ ‘ಆಚೆಯವರು’ ಎಂದು ಬರೆದಿರುತ್ತಿತ್ತು. ಆ ಪಟ್ಟಿಯನ್ನು ನಾನೇ ನೋಡಿದ್ದೇನೆ. ಮುದುಕಿಯ ಸಿಂಧಿ ಕೇಳಿ ಇಲ್ಲಿಯ ಹೆಂಗಸರು “ಅಯ್ಯೋ, ನಮ್ಮ ಮುತ್ತಜ್ಜಿ ಹೀಗೇ ಮಾತಾಡುತ್ತಿದ್ದಳಂತೆ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಮರುಕ್ಷಣವೇ ತಮ್ಮ ಮಕ್ಕಳೊಡನೆ ಹಿಂದಿಗೆ ತಿರುಗುತ್ತಿದ್ದರು. ಭಾಷೆ ಅವರನ್ನು ಅತಿಥಿಯಾಗಿಸಿತು. ಅದಕ್ಕಿಂತ ಒಳಗೆ ಬಿಡಲಿಲ್ಲ.

ಅರ್ಜಿಯನ್ನು ಗಣಕದಲ್ಲಿ ತುಂಬಿ, ಮುದ್ರಿಸಿ, ಎರಡು ಪಾಸ್‌ಪೋರ್ಟುಗಳ ಪ್ರತಿ ಪುಟದ ನಕಲು ದೃಢೀಕರಿಸಿ ಲಗತ್ತಿಸಲು ಒಂದು ವಾರ ಹಿಡಿಯಿತು. ಸಲ್ಲಿಸುವ ದಿನ ಮುದುಕಿ ತಮ್ಮ ಲಿಪಿಯಲ್ಲಿ ಸಹಿ ಮಾಡಿದರು. ಎಂಥ ಸಹಿ! ಮುತ್ತು ಪೋಣಿಸಿದ ಹಾಗೆ. ಕಿಟಕಿಯಲ್ಲಿದ್ದ ಗುಮಾಸ್ತೆ ಮರಾಠಿಯವರು, ನನ್ನನ್ನು ಕಾಕಾ ಎನ್ನುವಷ್ಟು ಪರಿಚಯ. ಸಹಿ ನೋಡಿ ಹೇಳಿದರು: “ಕಾಕಾ, ಇದನ್ನ ಮೇಲೆ ಯಾರು ಓದಬೇಕು? ಹಿಂದಿಯಲ್ಲಿ ಮಾಡಲಿ, ಇಲ್ಲವೇ ಅಂಗಠಾ ಒತ್ತಲಿ.”

ಮುದುಕಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ನಾಲ್ಕು ದಿನ ಕೊಡು. ಹಿಂದಿಯಲ್ಲಿ ಬರೆಯುವುದು ಕಲಿತು ಬರುತ್ತೇನೆ.”

ಮರುದಿನದಿಂದ ಕಚೇರಿಗೆ ಸಾಲು ರಜೆ. ಹಿಂದೆ ಹದಿನೈದು ಜನ ನಿಂತಿದ್ದರು. ನಾನು ಶಾಯಿಯ ಪೆಟ್ಟಿಗೆಯನ್ನು ಅವರ ಕಡೆ ಸರಿಸಿ, “ಅಮ್ಮಾ, ಜಲ್ದಿ ಮಾಡಿ. ಒಂದು ಹೆಬ್ಬೆಟ್ಟಿನಿಂದ ಏನಾಗುತ್ತದೆ?” ಎಂದೆ. ಅವರು ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿಕೊಂಡು ಒತ್ತಿದರು. ಅಂದಿನಿಂದ ಕಡತದಲ್ಲಿ ಅವರು ಅನಕ್ಷರಸ್ಥೆ. ಆ ಶಬ್ದವನ್ನು ನಮೂನೆಯ ಚೌಕದಲ್ಲಿ ತುಂಬಿದವನು ನಾನು. ಹೆಬ್ಬೆಟ್ಟಿಗೆ ಒಪ್ಪುವ ಬೇರೆ ಶಬ್ದ ಅಲ್ಲಿರಲಿಲ್ಲ.

ಮೆಟ್ಟಿಲಿಳಿಯುವಾಗ ಹುಡುಗಿ ಪಾಸ್‌ಪೋರ್ಟಿನ ಎರಡು ಹಸಿರು ಪುಸ್ತಕಗಳನ್ನು ಕೈಯಲ್ಲಿ ಹಿಡಿದು ಕೇಳಿದಳು: “ದಾದಾ, ಇವು ಇನ್ನೂ ಬೇಕಾ?”

“ನಕಲು ಒಳಗೆ ಹೋಯಿತು, ನಂಬರು ಗಣಕಕ್ಕೆ ಹೋಯಿತು. ಇವುಗಳ ಕೆಲಸ ಮುಗಿಯಿತು,” ಎಂದೆ.

ನಾನು ಹಾಗೆಯೇ ನಂಬಿದ್ದೆ. ಪೌರತ್ವದ ಪ್ರಮಾಣಪತ್ರ ಕೊಡುವ ಮುನ್ನ ಹಳೆಯ ದೇಶದ ಮೂಲ ಪಾಸ್‌ಪೋರ್ಟನ್ನು ಒಪ್ಪಿಸಬೇಕು ಎಂಬ ನಿಯಮ ನಾನು ಇಟ್ಟುಕೊಂಡಿದ್ದ ನಿಯಮಾವಳಿಯಲ್ಲೇ ಇತ್ತು. ನಾನು ಓದಿದ್ದು ಅರ್ಜಿಯ ಅಧ್ಯಾಯ, ಇದಿದ್ದದ್ದು ಮುಂದಿನದರಲ್ಲಿ. ಬೇರೆಯವರ ಅರ್ಧ ಓದನ್ನು ಜೀವನವಿಡೀ ಹಂಗಿಸಿದವನು ನಾನು.

ಆ ಚೈತ್ರದಲ್ಲಿ ಸಿಂಧಿಗಳ ಹೊಸ ವರ್ಷದ ಹಬ್ಬ ಬಂತು. ತಟ್ಟೆಯಲ್ಲಿ ಹಿಟ್ಟಿನ ದೀಪ, ಹಣ್ಣು, ಕಲ್ಲುಸಕ್ಕರೆ, ಎಲೆ ಇಟ್ಟು ಮೆರವಣಿಗೆಯಲ್ಲಿ ಒಯ್ದು, ದರಿಯಾಲಾಲನೆಂದು ಅವರು ಕರೆಯುವ ವರುಣದೇವರ ಹೆಸರಿನಲ್ಲಿ ನೀರಿಗೆ ಬಿಡುವುದು ಅವರ ಪದ್ಧತಿ. ಆಗಷ್ಟೇ ಹುಡುಗಿಗೂ ಮುಖಿಯ ತಂಗಿಯ ಮಗನಿಗೂ ಮದುವೆಯ ಮಾತು ನಡೆದಿತ್ತು. ನನ್ನನ್ನೂ ಕರೆದಿದ್ದರು. ಕೆರೆಯ ದಂಡೆಯಲ್ಲಿ ಕೇಸರಿ ಅನ್ನದ ದೊನ್ನೆ ಹಿಡಿದು ನಿಂತಿದ್ದೆ. ನಾನು ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಮುಖಿ ನಗುತ್ತಲೇ ಮುದುಕಿಗೆ ಹೇಳಿದರು: “ಅಮ್ಮಾ, ಆ ದೇಶದ ಪುಸ್ತಕ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಈ ಮನೆಗೆ ಹೆಣ್ಣು ಕೊಡುತ್ತೀರಾ? ನಾಳೆ ನನ್ನ ತಂಗಿಯನ್ನ ಜನ ಕೇಳುವುದಿಲ್ಲವೇ, ಸೊಸೆ ಯಾವ ಕಡೆಯವಳು ಅಂತ? ಇವತ್ತು ಒಳ್ಳೆಯ ದಿನ. ದರಿಯಾಲಾಲನಿಗೆ ಒಪ್ಪಿಸಿಬಿಡಿ. ಅಲ್ಲಿಗೆ ಲೆಕ್ಕ ಚುಕ್ತಾ.”

ಸುತ್ತಲಿನವರು ಹೂಂಗುಟ್ಟಿದರು. ಮುದುಕಿ, “ಇರಲಿ ಸಾಯಿಂ. ಒಂದು ವರ್ಷ ಇರಲಿ. ಕಾಗದ ಬರಲಿ,” ಎಂದರು.

“ಅರೇ ಬಾಬಾ, ಕಾಗದದವರೇ ಇಲ್ಲಿ ನಿಂತಿದ್ದಾರಲ್ಲ,” ಎಂದು ಮುಖಿ ನನ್ನತ್ತ ಕೈ ತೋರಿಸಿದರು.

ಹುಡುಗಿ ಅಜ್ಜಿಯ ಕಿವಿಯ ಹತ್ತಿರ ಬಾಗಿ ಹೇಳಿದಳು: “ಅಮ್ಮಾ, ದಾದಾ ಹೇಳಿದ್ದಾರೆ, ಅವುಗಳ ಕೆಲಸ ಮುಗಿದಿದೆ ಅಂತ.” ಎಲ್ಲಿಗೆ ಹೋದರೂ ಜೊತೆಗೊಯ್ಯುತ್ತಿದ್ದ ಆ ಪುಸ್ತಕಗಳು ಅವಳ ಕೈಚೀಲದಿಂದ ಹೊರಬಂದವು. ಅವುಗಳನ್ನು ತೆಗೆದುಕೊಂಡು ತಟ್ಟೆಯಲ್ಲಿ, ದೀಪದ ಪಕ್ಕದಲ್ಲಿ ಇಟ್ಟ ಕೈ ಮುಖಿಯದು. ಮುದುಕಿ ನನ್ನ ಕಡೆ ನೋಡಿದರು. ಬಾಯಲ್ಲಿ ಅನ್ನವಿತ್ತು, ನಾನು ಹೌದೆಂದು ತಲೆಯಾಡಿಸಿದೆ.

ತಟ್ಟೆ ಮುಳುಗಿತು. ಪುಸ್ತಕಗಳು ಕೂಡಲೇ ಮುಳುಗಲಿಲ್ಲ. ಒಂದು ದಂಡೆಯ ಕಡೆಗೇ ತೇಲಿ ಬಂತು. ಯಾರೋ ಬಿದಿರಿನ ಗಳದಿಂದ ಅದನ್ನು ಒಳಕ್ಕೆ ನೂಕಿದರು. ಜನ ಜಯಕಾರ ಹಾಕಿದರು.

ಮರುವರ್ಷದ ಬೇಸಿಗೆಯಲ್ಲಿ ಗಡಿ ಮುಚ್ಚಿತು. ಆಚೆಯಿಂದ ಬಂದವರ ಕಡತಗಳೆಲ್ಲ ಮತ್ತೆ ಮೇಜಿಗೆ ಬಂದವು. ಇವರಿಗೂ ನೋಟಿಸು ಬಂತು: ಮೂಲ ಪಾಸ್‌ಪೋರ್ಟುಗಳೊಂದಿಗೆ ಹಾಜರಾಗಬೇಕು.

ನೋಟಿಸನ್ನು ಮೂರು ಸಲ ಓದಿ, ನಿಯಮಾವಳಿಯ ಮುಂದಿನ ಅಧ್ಯಾಯ ತೆಗೆದೆ. ಓದಿದ ಮೇಲೆ ಆ ದಿನ ಊಟ ಸೇರಲಿಲ್ಲ. ನನ್ನ ಹೆಂಡತಿ ತಟ್ಟೆ ಎತ್ತುತ್ತ ಕೇಳಿದಳು: “ಏನಾಗೇತ್ರಿ? ಯಾರ ಸುಳ್ಳು ಹಿಡದ್ರಿ ಇವತ್ತ?” ನಡೆದದ್ದನ್ನು ಹೇಳಿದೆ. ಅವಳು ನಿಂತಲ್ಲೇ ನಿಂತು, “ಊರ ಮಂದಿ ಹುಳುಕು ಕಾಣ್ತಾವ ನಿಮಗ. ನಿಮ್ಮ ಮಾತು ಮಾತ್ರ ವೇದ. ಹೋಗಿ ಆ ಮುದುಕಿ ಮುಂದ ಖರೇ ಹೇಳ್ರಿ,” ಎಂದಳು. ನಾನು ಹೋದೆ. ಆದರೆ ಮೊದಲು ಮುಖಿಯ ಮನೆಗೆ ಹೋದೆ.

ಮುಖಿ ನಿಜವಾಗಿಯೂ ಗಾಬರಿಯಾಗಿದ್ದರು. “ಬಸ್ಸಿನಲ್ಲಿ ಕಳೆದುಹೋಯಿತು ಅಂತ ಬರೆದುಬಿಡಿ,” ಎಂದರು. ಆ ದಾರಿ ಆಗಲೇ ಮುಚ್ಚಿತ್ತು. ಕಳೆದುಹೋಗಿದ್ದರೆ ಅವರ ದೇಶದ ದೂತಾವಾಸದಿಂದ ಹೊಸದನ್ನು ತರಬೇಕು. ಆ ದಿನಗಳಲ್ಲಿ ಅಲ್ಲಿಗೆ ಬರೆದ ನನ್ನ ಎರಡು ಪತ್ರಗಳಿಗೆ ಉತ್ತರವೇ ಬರಲಿಲ್ಲ. ಗುಮಾಸ್ತೆ ಬೇರೆ ಉಪಾಯ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ಕಾಕಾ, ಆಕೆ ಅನಕ್ಷರಸ್ಥೆ ಅಂತ ಮೊದಲೇ ದಾಖಲಾಗಿದೆ. ತಿಳಿಯದೆ, ದೇವರ ಮೇಲಿನ ಭಕ್ತಿಯಿಂದ ಬಿಟ್ಟಳು ಅಂತ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಕೊಡಿ. ಸಾಹೇಬರಿಗೆ ಕನಿಕರ ಬರಬಹುದು. ಬೇರೆಯವರ ಹೆಸರು ಎಳೆದರೆ ವಿಚಾರಣೆ ಅಂತಾಗುತ್ತದೆ. ಜಾಮೀನು ಕೊಟ್ಟವರ ಮೇಲೇ ಬಂದರೆ ಜಾಮೀನೇ ಉಳಿಯುವುದಿಲ್ಲ.”

ಮುದುಕಿಗೆ ನಾನು ಹೇಳಿದ್ದು ಇಷ್ಟು: “ನಡೆದದ್ದನ್ನು ನಿಮ್ಮ ಕೈಯಾರೆ ಬರೆದುಕೊಡಿ. ನಾನು ಮರಾಠಿಗೆ ಇಳಿಸುತ್ತೇನೆ.” ಅವರು ಮೊಮ್ಮಗಳ ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟು ಇಪ್ಪತ್ತು ಸಾಲು ಬರೆದರು. ಒಂದು ಹೊಡೆದುಹಾಕಿದ ಅಕ್ಷರವಿಲ್ಲ. ಹನ್ನೊಂದನೆಯ ಸಾಲಿನಿಂದ ಹದಿನಾಲ್ಕರವರೆಗೆ ಬರೆದದ್ದು ಇದು:

“ಪುಸ್ತಕಗಳನ್ನು ತಟ್ಟೆಯಲ್ಲಿ ಇಟ್ಟವರು ಮುಖಿ. ಒಂದು ವರ್ಷ ಇರಲಿ ಎಂದು ನಾನು ಕೇಳಿಕೊಂಡೆ. ಅವು ಇನ್ನು ಬೇಕಿಲ್ಲವೆಂದು ಕಾಗದ ಬರೆಯುವ ಹಿರಿಯರು ಮೊದಲು ಹೇಳಿದ್ದರು, ಅಲ್ಲಿಯೂ ತಲೆಯಾಡಿಸಿದರು. ನನ್ನ ಮೊಮ್ಮಗಳು ಕೇಳಿದ ಮಾತನ್ನು ಹೇಳಿದಳಷ್ಟೇ. ಇದರಲ್ಲಿ ಅವಳ ತಪ್ಪು ಇಲ್ಲ.”

ಒಂದು ದಿನವಿಡೀ ಆ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತೆ. ಮುಖಿಯ ಹೆಸರು ಬಂದರೆ ಜಾಮೀನು ಹೋಗುತ್ತದೆ, ವಾಸದ ಕೋಣೆ ಹೋಗುತ್ತದೆ, ಮದುವೆ ಹೋಗುತ್ತದೆ. ಇವು ಸತ್ಯವಾದ ಕಾರಣಗಳು. ನನ್ನ ಹೆಸರು ಬಂದರೆ ನನ್ನ ಮೇಜು ಹೋಗುತ್ತದೆ. ಇದೂ ಸತ್ಯವಾದ ಕಾರಣ. ಮೊದಲಿನವು ಇಲ್ಲದಿದ್ದರೂ ಇದೊಂದೇ ನನಗೆ ಸಾಕಾಗುತ್ತಿತ್ತೇ ಎಂದು ಇಂದಿಗೂ ಕೇಳಿಕೊಳ್ಳುತ್ತಿದ್ದೇನೆ. ನಾಲ್ಕು ಸಾಲು ಬಿಟ್ಟೆ. ಅವುಗಳ ಜಾಗದಲ್ಲಿ ಒಂದು ವಾಕ್ಯ ಬರೆದೆ: ‘ಅನಕ್ಷರಸ್ಥೆಯಾದ ಅರ್ಜಿದಾರಳು ಧಾರ್ಮಿಕ ಭಾವನೆಯಿಂದ ಎರಡೂ ಪಾಸ್‌ಪೋರ್ಟುಗಳನ್ನು ತಾನಾಗಿಯೇ ನೀರಿಗೆ ಬಿಟ್ಟಿರುತ್ತಾಳೆ.’

ಈ ಬರಹದ ಆರಂಭದಲ್ಲಿ ನಾನು ಒಪ್ಪುವುದಿಲ್ಲವೆಂದ ಹೇಳಿಕೆ ಹುಟ್ಟಿದ್ದು ಇಲ್ಲಿ.

ಪ್ರಮಾಣ ಮಾಡುವ ಮುನ್ನ ಮುದುಕಿ, “ನೀನು ಬರೆದದ್ದನ್ನು ಓದಿ ಹೇಳು,” ಎಂದರು. ನನ್ನ ಎಡಗೈಯಲ್ಲಿ ಮರಾಠಿ ಪ್ರತಿ, ಅದರಡಿಯಲ್ಲಿ ಅವರ ಹಾಳೆ. ನಾನು ಅವರ ಹಾಳೆಯನ್ನು ನೋಡಿಕೊಂಡು, ಮರಾಠಿಯಿಂದ ಸಿಂಧಿಗೆ ಹೇಳುತ್ತಿರುವವನಂತೆ ನಡುನಡುವೆ ತಡವರಿಸುತ್ತ, ಇಪ್ಪತ್ತೂ ಸಾಲು ಓದಿದೆ. ಮುದುಕಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಬರೋಬರ್ ಇದೆ. ಈಗ ಗಂಟಲಿನಿಂದ ಬರುತ್ತಿದೆ ನಿನಗೆ,” ಎಂದು ಹೆಬ್ಬೆಟ್ಟು ಒತ್ತಿದರು. ಅವರು ಪಟ್ಟು ಹಿಡಿದದ್ದರಿಂದ, ಮೂಲ ಹೇಳಿಕೆ ಎಂದು ಅವರ ಹಾಳೆಯನ್ನೂ ಪ್ರಮಾಣಪತ್ರದ ಹಿಂದೆ ಲಗತ್ತಿಸಲೇಬೇಕಾಯಿತು. ಯಾರೂ ಓದಲಾರರೆಂಬ ಧೈರ್ಯ ನನಗಿತ್ತು.

ಕನಿಕರ ಬರಲಿಲ್ಲ. ತಾನಾಗಿಯೇ ದಾಖಲೆ ನಾಶಪಡಿಸಿದವರ ಅರ್ಜಿಯನ್ನು ಪರಿಗಣಿಸಲಾಗದು ಎಂದು ಆದೇಶ ಬಂತು. ‘ತಾನಾಗಿಯೇ’ ಎಂಬ ನನ್ನ ಶಬ್ದವನ್ನೇ ಎತ್ತಿಕೊಂಡಿದ್ದರು. ವೀಸಾ ನವೀಕರಣಕ್ಕೂ ಪಾಸ್‌ಪೋರ್ಟು ಬೇಕು, ಅದೂ ನಿಂತಿತು. ಕಳುಹಿಸೋಣವೆಂದರೆ ಪಾಸ್‌ಪೋರ್ಟಿಲ್ಲದವರನ್ನು ಆಚೆಯವರು ತೆಗೆದುಕೊಳ್ಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದು ಹಾಜರಿ ಹಾಕಬೇಕೆಂದಾಯಿತು. ಮುಖಿಯ ತಂಗಿಯ ಮಗನಿಗೆ ಬೇರೆ ಕಡೆ ಮದುವೆಯಾಯಿತು. ಅದರ ಊಟದ ಪಟ್ಟಿಯಲ್ಲೂ ಗೆರೆಯ ಕೆಳಗೆ ಇವರಿದ್ದರು.

ಮಳೆಗಾಲದ ನಡುವೆ ನಾನು ತಿದ್ದುಪಡಿ ಪ್ರಮಾಣಪತ್ರವೊಂದನ್ನು ಬರೆದೆ. ಮುಖಿಯ ಕೈ, ನನ್ನ ಮಾತು, ನನ್ನ ತಲೆಯಾಡಿಕೆ, ಬಿಟ್ಟ ನಾಲ್ಕು ಸಾಲು, ಎಲ್ಲವೂ ಅದರಲ್ಲಿದ್ದವು. ಗುಮಾಸ್ತೆ ಅದನ್ನು ಕೊನೆಯವರೆಗೂ ಓದಿದರು. “ಕಾಕಾ, ಇದು ನಿಜವಾದರೆ ಮೊದಲಿನದು ಸುಳ್ಳು. ಮೊದಲಿನದರ ಮೇಲೆ ಹೆಬ್ಬೆಟ್ಟು ಯಾರದು? ನಿಮ್ಮದಲ್ಲ. ಸುಳ್ಳು ಪ್ರಮಾಣ ಮಾಡಿದವಳು ಆಕೆಯೇ ಆಗುತ್ತಾಳೆ. ಈಗ ಹಾಜರಿಯಾದರೂ ಇದೆ. ಆಮೇಲೆ ಕೇಸು,” ಎಂದು ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಅದು ಇಂದಿಗೂ ನನ್ನ ಮನೆಯಲ್ಲಿದೆ.

ಮುದುಕಿಗೆ ಇದನ್ನು ನಾನು ಹೇಳಲಿಲ್ಲ. ನಾಳೆ, ನಾಡಿದ್ದು ಎಂದುಕೊಳ್ಳುತ್ತಿರುವಾಗಲೇ ಮಳೆ ನಿಲ್ಲುವ ಹೊತ್ತಿಗೆ ಅವರು ತೀರಿಕೊಂಡರು. ಸಾವಿನ ನೋಂದಣಿಯ ನಮೂನೆ ತುಂಬಿದವನೂ ನಾನೇ. ರಾಷ್ಟ್ರೀಯತೆಯ ಎದುರು ಏನು ಬರೆಯಲಿ ಎಂದು ಕೇಳಿದೆ. ಹುಡುಗಿ, “ಅಡ್ಡಗೆರೆ ಎಳೆಯಿರಿ,” ಎಂದಳು. ವಿದ್ಯೆ ಎಂಬ ಚೌಕದಲ್ಲಿ ‘ಶಿಕ್ಷಕಿ’ ಎಂದು ಬರೆದೆ. ಯಾರೂ ಆಕ್ಷೇಪಿಸಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಅವಳು ನನ್ನ ಮನೆಗೆ ಬಂದಳು. ಹೆಂಡತಿ “ಬಾರವ್ವಾ” ಎಂದು ಕೂರಿಸಿದಳು. ಕೊಟ್ಟ ನೀರಿನ ಲೋಟವನ್ನು ಕೈಯಲ್ಲೇ ಹಿಡಿದು ಹುಡುಗಿ ಕೇಳಿದಳು: “ದಾದಾ, ಅಮ್ಮಾ ಕೊನೆತನಕ ನನ್ನನ್ನು ಏನೂ ಅನ್ನಲಿಲ್ಲ. ಆದರೆ ಆ ದಿನ ಚೀಲದಿಂದ ತೆಗೆದುಕೊಟ್ಟವಳು ನಾನು. ಕಿವಿಯಲ್ಲಿ ಹೇಳಿದವಳೂ ನಾನು. ಆ ಹಾಳೆಯಲ್ಲಿ ನನ್ನ ಬಗ್ಗೆ ಏನಾದರೂ ಬರೆದಿದ್ದಾರಾ?” ನಾನು ಅದನ್ನು ಅವಳ ಅಜ್ಜಿಗೆ ಓದಿ ಹೇಳಿದ ದಿನ ಅವಳು ಅಂಗಡಿಯಲ್ಲಿದ್ದಳು. ಓದೋಣವೆಂದರೆ ಹಿಂದಿ ಶಾಲೆಯವಳಿಗೆ ಆ ಲಿಪಿ ಬಾರದು. ನನ್ನ ಮೊಮ್ಮಕ್ಕಳಿಗೆ ನನ್ನ ಕನ್ನಡ ಹೇಗೋ ಹಾಗೆ.

ಎಲ್ಲವನ್ನೂ ಹೇಳಿದೆ. ಏನು ಬಿಟ್ಟೆ, ಹೇಗೆ ಓದಿದೆ ಎಂಬುದನ್ನೂ ಹೇಳಿದೆ. ಹದಿನಾಲ್ಕನೆಯ ಸಾಲನ್ನು ಬಾಯಿಪಾಠ ಒಪ್ಪಿಸಿದೆ: ಇದರಲ್ಲಿ ಅವಳ ತಪ್ಪು ಇಲ್ಲ.

ಅವಳು ಲೋಟವನ್ನು ಕೆಳಗಿಟ್ಟು ಹೇಳಿದಳು: “ಅಮ್ಮಾನ ಮುಂದೆಯೂ ನೀವು ಚೆನ್ನಾಗಿಯೇ ಓದಿದ್ದಿರಿ.”

ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತ, “ಓದಿ ಹೇಳುವುದು ಬೇಡ. ಅಕ್ಷರ ಕಲಿಸಿ,” ಎಂದಳು.

ಕಡತದಲ್ಲಿ ಅರ್ಜಿದಾರಳಾಗಿರುವ ಅವಳ ಹೆಸರಿನಲ್ಲೇ ಕಚೇರಿಗೆ ಅರ್ಜಿ ಹಾಕಿ ಆ ಹಾಳೆಯ ದೃಢೀಕೃತ ನಕಲು ತೆಗೆಸಿದ್ದೇವೆ. ಮೂಲ ಹಾಳೆ ತಿರಸ್ಕೃತ ಅರ್ಜಿಯ ಕಡತದಲ್ಲಿ, ಪ್ರಮಾಣಪತ್ರದ ಹಿಂದೆ, ಟ್ಯಾಗಿನಲ್ಲಿ ಪೋಣಿಸಿಕೊಂಡು ಇದೆ. ಅನಕ್ಷರಸ್ಥೆ ಎಂಬ ಶಬ್ದದ ಮರುಪುಟದಲ್ಲೇ ಆ ಅನಕ್ಷರಸ್ಥೆಯ ಕೈಬರಹ. ಕಡತವನ್ನು ತೆರೆದು ನೋಡುವವರಿಗೆ ನನ್ನ ಸಾಕ್ಷ್ಯ ಬೇಕಾಗಿಲ್ಲ. ಲಿಪಿ ಬಂದರೆ ಸಾಕು. ನಾನು ಇಲ್ಲಿ ಕನ್ನಡಕ್ಕಿಳಿಸಿದ ನಾಲ್ಕು ಸಾಲನ್ನೂ ನನ್ನ ಮಾತಿನ ಮೇಲೆ ಯಾರೂ ನಂಬಬೇಕಾಗಿಲ್ಲ.

ಹುಡುಗಿ ಹಾಜರಿ ಹಾಕಿದ ದಿನ ಕಚೇರಿಯಿಂದ ನೇರವಾಗಿ ನಮ್ಮ ಮನೆಗೆ ಬರುತ್ತಾಳೆ. ಐವತ್ತೆರಡು ಅಕ್ಷರಗಳಲ್ಲಿ ನಲವತ್ತು ಆಗಿವೆ. ನಕಲಿನ ಮೇಲೆ ಬೆರಳಿಟ್ಟು, ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ನಾನು ಮುಂದಿನ ಪದವನ್ನು ಹೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿಯುತ್ತಾಳೆ.

ಈಗ ಆರನೆಯ ಸಾಲಿನಲ್ಲಿದ್ದಾಳೆ.